ತಿಂಗಳ ಲೆಕ್ಕದ ಸಭೆ: ಮಲಪ್ರಭೆಯ ಸೀಮೆಯಲ್ಲಿ ಬ್ಯಾಪ್ಟಿಸ್ಟ್ ಪದ್ಧತಿ

ಬ್ಯಾಪ್ಟಿಸ್ಟ್ ಪದ್ಧತಿಯಲ್ಲಿ ಬಿಷಪ್ ಇಲ್ಲ. ಮೇಲಿನಿಂದ ಆಜ್ಞೆ ಕಳಿಸುವ ಪೀಠವೂ ಇಲ್ಲ. ಒಂದು ಊರಿನ ಭಕ್ತರು ಕೂಡಿದರೆ ಅದೇ ಪೂರ್ಣ ಸಭೆ. ಪಾಲಕರನ್ನು ಆರಿಸುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ತಪ್ಪಿ ನಡೆದವರನ್ನು ತಿದ್ದುವುದು, ಕಾಣಿಕೆಯ ಲೆಕ್ಕ ನೋಡುವುದು ಎಲ್ಲವೂ ಆ ಸಭೆಯದೇ ಹೊಣೆ. ಹೀಗೆ ತನ್ನನ್ನು ತಾನೇ ನಡೆಸಿಕೊಳ್ಳಬೇಕಾದ ಕೂಟ ಪದೇ ಪದೇ ಸೇರದಿದ್ದರೆ ಚದುರಿಹೋಗುತ್ತದೆ. ವಾರದ ಆರಾಧನೆ ಎಲ್ಲ ಕ್ರೈಸ್ತರಿಗೂ ಇರುವಂಥದ್ದೇ. ಬ್ಯಾಪ್ಟಿಸ್ಟರ ಆಡಳಿತ ನಡೆದದ್ದು ಮಾತ್ರ ತಿಂಗಳ ಅಳತೆಯಲ್ಲಿ. ತಿಂಗಳಿಗೊಮ್ಮೆ ಕರ್ತನ ಭೋಜನ, ತಿಂಗಳಿಗೊಮ್ಮೆ ಸದಸ್ಯರ ಸಭೆ, ತಿಂಗಳಿಗೊಮ್ಮೆ ಜಮಾಖರ್ಚು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ ತಿಂಗಳು ಅದಕ್ಕೂ ಮೊದಲೇ ಬೇರೊಂದು ಲೆಕ್ಕದಲ್ಲಿ ನಡೆಯುತ್ತಿತ್ತು. ಹುಣ್ಣಿಮೆಗೆ ಜಾತ್ರೆ, ಅಮಾವಾಸ್ಯೆಗೆ ಹಬ್ಬ, ವಾರಕ್ಕೊಂದು ಸಂತೆ, ಸುಗ್ಗಿಗೊಮ್ಮೆ ಕಣದ ಪಾಲು. ಹೊಸ ಲೆಕ್ಕ ಈ ಹಳೆಯ ಲೆಕ್ಕದೊಳಗೆ ಜಾಗ ಮಾಡಿಕೊಳ್ಳಬೇಕಾಯಿತು. ಈ ಸೀಮೆಯ ಸಣ್ಣ ಸಭೆಗಳ ಇತಿಹಾಸದ ಬಹುಪಾಲು ಇದೇ.

ತಿಂಗಳ ಪದ್ಧತಿಯ ಬೇರು ಇಂಗ್ಲೆಂಡಿನಲ್ಲಿದೆ. 1784ರಲ್ಲಿ ನಾರ್ಥಾಂಪ್ಟನ್‌ಶೈರ್ ಸೀಮೆಯ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ ನಾಟಿಂಗ್‌ಹ್ಯಾಮ್‌ನಲ್ಲಿ ಸೇರಿದಾಗ ಜಾನ್ ಸಟ್‌ಕ್ಲಿಫ್ ಎಂಬ ಪಾಲಕ ಒಂದು ಸೂಚನೆ ಮುಂದಿಟ್ಟ: ಎಲ್ಲ ಸಭೆಗಳೂ ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ತಮ್ಮ ತಮ್ಮ ಊರಲ್ಲೇ ಪ್ರಾರ್ಥನೆಗೆ ಕೂಡಬೇಕು. ಖರ್ಚಿಲ್ಲದ, ಯಾರ ಅಪ್ಪಣೆಯೂ ಬೇಡದ ಈ ಕೂಟ ಬೇಗ ಹಬ್ಬಿತು. ಎಂಟು ವರ್ಷಗಳ ನಂತರ, 1792ರಲ್ಲಿ, ಅದೇ ಸೀಮೆಯ ಕೆಟರಿಂಗ್ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಶನರಿ ಸೊಸೈಟಿ ಹುಟ್ಟಿತು. ಮರುವರ್ಷ ವಿಲಿಯಂ ಕೇರಿ ಬಂಗಾಳಕ್ಕೆ ಬಂದ. 1795ರಲ್ಲಿ ಹುಟ್ಟಿದ ಲಂಡನ್ ಮಿಶನರಿ ಸೊಸೈಟಿ ಬ್ಯಾಪ್ಟಿಸ್ಟರದಲ್ಲದಿದ್ದರೂ ಮೊದಲ ಸೋಮವಾರದ ಪ್ರಾರ್ಥನೆಯನ್ನು ತನ್ನದಾಗಿ ಮಾಡಿಕೊಂಡಿತು. ಬಳ್ಳಾರಿ, ಬೆಳಗಾವಿಗಳಿಗೆ ಬಂದದ್ದು ಈ ಸೊಸೈಟಿಯ ಜನ. ಹಾಗಾಗಿ ಬ್ಯಾಪ್ಟಿಸ್ಟರ ಹೆಸರು ಬರುವ ಮೊದಲೇ ಅವರ ತಿಂಗಳ ರೂಢಿ ಕನ್ನಡ ನಾಡಿಗೆ ಕಾಲಿಟ್ಟಿತ್ತು.

ತಿಂಗಳ ಲೆಕ್ಕಕ್ಕೆ ಗಟ್ಟಿ ರೂಪ ಕೊಟ್ಟದ್ದು ಬಂಗಾಳದ ಸೆರಾಂಪುರ. 1800ರಲ್ಲಿ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅಲ್ಲಿ ಒಂದೇ ಒಲೆ, ಒಂದೇ ಗಂಟಿನ ಸಂಸಾರ ಹೂಡಿದರು. ಮನೆವಾರ್ತೆಯ ಯಜಮಾನಿಕೆ ಯಾರ ಸ್ವತ್ತೂ ಆಗದಂತೆ ತಿಂಗಳಿಗೊಬ್ಬರಂತೆ ಸರದಿ ಹಾಕಿಕೊಂಡರು. ಶನಿವಾರ ಸಂಜೆ ಒಳಜಗಳಗಳನ್ನು ಬಿಚ್ಚಿಟ್ಟು ರಾಜಿ ಮಾಡಿಕೊಳ್ಳುವುದಕ್ಕೇ ಮೀಸಲು. 1805ರಲ್ಲಿ ಬರೆದುಕೊಂಡ ಒಡಂಬಡಿಕೆಯನ್ನು ವರ್ಷಕ್ಕೆ ಮೂರು ಸಲ, ಜನವರಿ, ಮೇ, ಅಕ್ಟೋಬರ್ ತಿಂಗಳುಗಳ ಮೊದಲ ರವಿವಾರ, ಪ್ರತಿ ಠಾಣ್ಯದಲ್ಲೂ ಗಟ್ಟಿಯಾಗಿ ಓದಬೇಕೆಂದು ಗೊತ್ತು ಮಾಡಿದರು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ ಕೃಷ್ಣಪಾಲ ಬಡಗಿ. ಅದಕ್ಕೂ ಕೆಲವು ದಿನ ಮೊದಲು ಅವನು ಮಿಶನರಿಗಳ ಜೊತೆ ಕುಳಿತು ಉಂಡಿದ್ದ. ಊರು ಕೆರಳಿದ್ದು ನೀರಿನಲ್ಲಿ ಮುಳುಗಿದ್ದಕ್ಕಿಂತ ಹೆಚ್ಚಾಗಿ ಈ ಊಟಕ್ಕೆ. ಒಂದೇ ಮೇಜಿನಲ್ಲಿ ಎಲ್ಲರೂ ಉಣ್ಣುವ ಕರ್ತನ ಭೋಜನ ಈ ದೇಶದಲ್ಲಿ ಭಕ್ತಿಯ ಆಚರಣೆಯಷ್ಟೇ ಆಗಿ ಉಳಿಯಲಾರದು ಎಂಬುದು ಅಂದೇ ಕಂಡಿತ್ತು.

ಕೇರಿಗೆ ಕನ್ನಡದ ನಂಟೂ ಇತ್ತು. ಕನ್ನಡ ನಾಡನ್ನು ಕಾಣದೆಯೇ, ಪಂಡಿತರ ನೆರವಿನಿಂದ ಸೆರಾಂಪುರದಲ್ಲಿ ಕುಳಿತು ಅವನು ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಅಲ್ಲಿಂದಲೇ 1820ರ ದಶಕದ ಆರಂಭದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂತು. 1812ರ ಮಾರ್ಚ್‌ನಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳು, ಅಚ್ಚುಮೊಳೆಗಳು ಸುಟ್ಟುಹೋಗದಿದ್ದರೆ ಇಂಥ ಕೆಲಸಗಳೆಲ್ಲ ಇನ್ನೂ ಬೇಗ ಮುಗಿಯುತ್ತಿದ್ದವು. ಆದರೂ ಕನ್ನಡಿಗರು ಓದಿದ್ದು ಸೆರಾಂಪುರದ ಈ ಹೊಸ ಒಡಂಬಡಿಕೆಯನ್ನಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಜನರ ನಡುವೆ ಇದ್ದು ಮಾಡಿದ ಅನುವಾದವೇ ನಿಂತಿತು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಬ್ಯಾಪ್ಟಿಸ್ಟರು ಕನ್ನಡಕ್ಕೆ ಮೊದಲು ಪುಸ್ತಕ ಕೊಟ್ಟರು, ಸಭೆ ಕಟ್ಟಲು ಮಾತ್ರ ಒಂದೂವರೆ ಶತಮಾನ ತಡ ಮಾಡಿದರು.

ಬೆಳಗಾವಿಯ ಕೋಟೆ 1818ರಲ್ಲಿ ಪೇಶ್ವೆಯ ಕಡೆಯವರಿಂದ ಇಂಗ್ಲಿಷರ ಕೈಗೆ ಬಂತು. ಎರಡು ವರ್ಷದೊಳಗೆ, 1820ರಲ್ಲಿ, ಬಳ್ಳಾರಿಯ ಲಂಡನ್ ಮಿಶನ್ನಿನಿಂದ ಜೋಸೆಫ್ ಟೇಲರ್ ಅಲ್ಲಿಗೆ ಬಂದ. ದಂಡಿನ ಊರಿನಲ್ಲಿ ಸಿಪಾಯಿಗಳು, ಅವರ ಕುಟುಂಬಗಳು, ತಮಿಳು, ತೆಲುಗು ಆಡುವ ಕೆಲಸಗಾರರು ಮೊದಲ ಕೇಳುಗರಾದರು. ಆ ಹೊತ್ತಿಗೆ ಕಿತ್ತೂರು ಇನ್ನೂ ಸಂಸ್ಥಾನ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಪಡೆಯೊಡನೆ ನಡೆದ ಕಾಳಗದಲ್ಲಿ ಕೋಟೆಯ ಮುಂದೆ ಸತ್ತ. ವರ್ಷ ಮುಗಿಯುವುದರೊಳಗೆ ಸಂಸ್ಥಾನ ಹೋಯಿತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲೇ ತೀರಿಕೊಂಡಳು. 1831ರಲ್ಲಿ ಅವಳ ಪರವಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಬಿಳಿಯರ ಧರ್ಮ ಬಿಳಿಯರ ಕೋವಿಯ ಹಿಂದೆಯೇ ಬಂತೆಂದು ಈ ಸೀಮೆಯ ಹಳ್ಳಿಗಳು ಎಣಿಸಿದ್ದರೆ ಅದು ಸಹಜ. ಮಿಶನರಿಗಳ ಕೆಲಸ ಬಹುಕಾಲ ಬೆಳಗಾವಿ ಪಟ್ಟಣದೊಳಗೇ ಉಳಿಯಿತು. ವಿಲಿಯಂ ಬೆಯ್ನನ್ ಟೇಲರನ ಜೊತೆಗೂಡಿದ. 1830ರ ದಶಕದಲ್ಲಿ ಶುರುವಾದ ಇಂಗ್ಲಿಷ್ ಶಾಲೆ ಮುಂದೆ ಬೆಯ್ನನ್ ಸ್ಮಿತ್ ಶಾಲೆ ಎಂದೇ ಹೆಸರಾಯಿತು. ಪೂರ್ವದ ತಾಲೂಕುಗಳಿಗೆ, ಅಂದರೆ ಆಗ ಸಂಪಗಾವಿ ಎಂದು ಕರೆಯುತ್ತಿದ್ದ ಬೈಲಹೊಂಗಲದ ಕಡೆಗೂ ಪರಸಗಡ ಎನ್ನುತ್ತಿದ್ದ ಸವದತ್ತಿಯ ಕಡೆಗೂ, ಮಿಶನರಿಗಳು ಹೋಗುತ್ತಿದ್ದದ್ದು ಚಳಿಗಾಲದ ಸಂಚಾರಕ್ಕೆ: ಡೇರೆ, ಎತ್ತಿನ ಗಾಡಿ, ಮಾರಲು ಒಂದಿಷ್ಟು ಪುಸ್ತಕ.

ಚಳಿಗಾಲವೆಂದರೆ ಜಾತ್ರೆಗಳ ಕಾಲ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಲಕ್ಷಗಟ್ಟಲೆ ಜನ ಕೂಡುತ್ತಾರೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ಬಳೆ ಒಡೆದು, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗಿಸುವ ಈ ಸರಣಿಯೇ ಸುತ್ತಲಿನ ಹಳ್ಳಿಗಳಿಗೆ ಪಂಚಾಂಗ. ರಾಮದುರ್ಗದ ಕಡೆ ಗೊಡಚಿಯ ವೀರಭದ್ರನ ಜಾತ್ರೆಯೂ ಇದೇ ಹೊತ್ತಿಗೆ ಬರುತ್ತದೆ. ಬೆಳಗಾವಿ, ಧಾರವಾಡಗಳ ಮಿಶನರಿಗಳಿಗೆ ಇಂಥ ಜಾತ್ರೆಗಳು ಬೋಧನೆಯ ಬಯಲಾದವು. ಅವರ ವರದಿಗಳು ಗುಡ್ಡದ ಆಚರಣೆಗಳನ್ನು ಕಂಡು ಹೌಹಾರುತ್ತವೆ. ಆದರೆ ಗುಡ್ಡಕ್ಕೆ ಹೋಗುವ ಬಡವರಿಗೆ, ಅದರಲ್ಲೂ ಹೆಂಗಸರಿಗೆ, ವರ್ಷಕ್ಕೊಮ್ಮೆ ಮನೆಯ ಹೊಸ್ತಿಲು ದಾಟುವ ಸಂಭ್ರಮವೂ ಅದೇ ಆಗಿತ್ತು ಎಂಬುದನ್ನು ಆ ವರದಿಗಳು ಅಷ್ಟಾಗಿ ಗಮನಿಸುವುದಿಲ್ಲ. ಮುಂದೆ ಈ ಸೀಮೆಯಲ್ಲಿ ಹುಟ್ಟಿದ ಸಭೆಗಳು ಉಜ್ಜೀವನ ಕೂಟ, ಇಡೀ ರಾತ್ರಿಯ ಪ್ರಾರ್ಥನೆಗಳನ್ನು ಇದೇ ತಿಂಗಳುಗಳಿಗೆ ಇಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ: ಹೊಲದ ಕೆಲಸ ಹಗುರ, ರಾತ್ರಿ ತಂಪು, ಕೈಯಲ್ಲಿ ನಾಲ್ಕು ಕಾಸು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಪ್ಟಿಸ್ಟರು ಇಲ್ಲಿಗೆ ಬರದೆ ಹೋದದ್ದಕ್ಕೆ ಕಾರಣ ಮಿಶನ್‌ಗಳ ಸೀಮೆ ಹಂಚಿಕೆ. ಒಬ್ಬರು ಕೆಲಸ ಮಾಡುವಲ್ಲಿ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದ ಇತ್ತು. ಬೆಳಗಾವಿ ಲಂಡನ್ ಮಿಶನ್ನಿಗೆ. 1837ರಿಂದ ಧಾರವಾಡ, 1839ರಿಂದ ಹುಬ್ಬಳ್ಳಿ, ಆಮೇಲೆ ಗದಗ-ಬೆಟಗೇರಿ, ಗುಳೇದಗುಡ್ಡ ಬಾಸೆಲ್ ಮಿಶನ್ನಿಗೆ. ಅಮೆರಿಕದ ಬ್ಯಾಪ್ಟಿಸ್ಟರ ಪಾಲಿಗೆ ಬಂದದ್ದು ತೆಲುಗು ನಾಡು: ನೆಲ್ಲೂರು, ಓಂಗೋಲು, ಕರ್ನೂಲು, ಪಾಲಮೂರು. ಕೊನೆಯ ಎರಡು ರಾಯಚೂರು, ಬಳ್ಳಾರಿಗಳ ಮಗ್ಗುಲಿಗೇ ಇವೆ.

ತೆಲುಗು ನಾಡಿನಲ್ಲಿ ನಡೆದದ್ದನ್ನು ಬಿಟ್ಟು ಇಲ್ಲಿಯದು ಅರ್ಥವಾಗದು. 1866ರಲ್ಲಿ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಚರ್ಮದ ವ್ಯಾಪಾರಿ ದೀಕ್ಷಾಸ್ನಾನ ಪಡೆದ. ಅವನ ಬಂಧುಬಳಗದ ದಾರಿಯಲ್ಲಿ ಧರ್ಮ ಹಳ್ಳಿಯಿಂದ ಹಳ್ಳಿಗೆ ನಡೆಯಿತು. 1876-78ರ ಬರದಲ್ಲಿ ಓಂಗೋಲಿನ ಬ್ಯಾಪ್ಟಿಸ್ಟ್ ಮಿಶನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸದ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟ. ಬರ ಇರುವಷ್ಟು ದಿನ ಯಾರಿಗೂ ಸ್ನಾನ ಕೊಡಲಿಲ್ಲ, ಹೊಟ್ಟೆಯ ಆಸೆಗೆ ಬಂದರೆಂಬ ಮಾತು ಬೇಡವೆಂದು. ಕೊನೆಗೆ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಇಷ್ಟು ದೊಡ್ಡ ಬಳಗವನ್ನು ಹಿಡಿದಿಡಲು ಕ್ಲೌ ಮಾಡಿದ ಏರ್ಪಾಡು ಸರಳ: ಹಳ್ಳಿಗಳ ಉಪದೇಶಿಗಳು ಮೂರು ತಿಂಗಳಿಗೊಮ್ಮೆ ಓಂಗೋಲಿನಲ್ಲಿ ಕೂಡಿ, ಉಂಡು, ಲೆಕ್ಕ ಒಪ್ಪಿಸಿ, ಹೊಸ ಪಾಠ ಕಲಿತು ಮರಳುವುದು. ಅದೇ ಬರ ಬೆಳಗಾವಿ, ಧಾರವಾಡ, ಬಿಜಾಪುರಗಳನ್ನೂ ತಿಂದಿತು. ಇಲ್ಲಿ ಅಂಥ ಸಾಮೂಹಿಕ ಚಳವಳಿ ಆಗ ಏಳಲಿಲ್ಲ.

ಅದು ಎದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮೆಥೊಡಿಸ್ಟರ ಕೈಯಲ್ಲಿ. 1904ರಲ್ಲಿ ಲಂಡನ್ ಮಿಶನ್ ತನ್ನ ಬೆಳಗಾವಿ ಠಾಣ್ಯವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಬಿಟ್ಟುಕೊಟ್ಟಿತು. ಬೈಲಹೊಂಗಲ ಹಲವು ಹಳ್ಳಿಗಳ ಒಂದು ಸರ್ಕಿಟ್ಟಿನ ಕೇಂದ್ರವಾಯಿತು, ಸುತ್ತಲಿನ ಮಾದರ, ಹೊಲೆಯರ ಕೇರಿಗಳಿಂದ ಜನ ಗುಂಪುಗುಂಪಾಗಿ ಬಂದರು. ಈ ಹಸ್ತಾಂತರದ ಪರಿಣಾಮ ದೊಡ್ಡದು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಬ್ರಿಟಿಷ್ ಮೆಥೊಡಿಸ್ಟರು, ಲಂಡನ್ ಮಿಶನ್ ಮೊದಲಾದವರ ಸಂಯುಕ್ತ ಸಭೆ ಕೂಡಿ ದಕ್ಷಿಣ ಭಾರತ ಸಭೆ ಆಯಿತು. ಅಮೆರಿಕದ ಮೆಥೊಡಿಸ್ಟರೂ ಬ್ಯಾಪ್ಟಿಸ್ಟರೂ ಅದರಿಂದ ಹೊರಗುಳಿದರು. ಲಂಡನ್ ಮಿಶನ್ ಕೈಬಿಡದಿದ್ದರೆ ಬೈಲಹೊಂಗಲದ ಕ್ರೈಸ್ತರು ಇಂದು ಧಾರವಾಡದ ಬಿಷಪ್ಪರ ಕೆಳಗೆ ಇರುತ್ತಿದ್ದರು.

ಮೆಥೊಡಿಸ್ಟರು ಶಿಶುಗಳಿಗೂ ದೀಕ್ಷಾಸ್ನಾನ ಕೊಡುವವರು, ಬಿಷಪ್ ಇರುವವರು. ಬ್ಯಾಪ್ಟಿಸ್ಟರಿಗೆ ಎರಡೂ ಒಪ್ಪಿಗೆಯಿಲ್ಲ. ಆದರೆ ಹಳ್ಳಿಯ ಮಟ್ಟದಲ್ಲಿ ತಿಂಗಳ ಜೀವನ ಒಂದೇ ಬಗೆಯದಾಗಿತ್ತು. ಒಬ್ಬೊಬ್ಬ ಉಪದೇಶಿ-ಶಿಕ್ಷಕನಿಗೆ ಕೆಲವು ಹಳ್ಳಿಗಳು. ರಾತ್ರಿ ಕೂಲಿಯಿಂದ ಮರಳಿದವರಿಗೆ ದೀಪದ ಬೆಳಕಿನಲ್ಲಿ ಅಕ್ಷರ, ಹಾಡು, ಹತ್ತು ಆಜ್ಞೆಗಳು. ತಿಂಗಳಿಗೊಮ್ಮೆ ಉಪದೇಶಿಗಳು ಕೇಂದ್ರಕ್ಕೆ ಹೋಗಿ ಸಂಬಳ ಪಡೆದು, ಯಾರು ಹುಟ್ಟಿದರು, ಯಾರು ಸತ್ತರು, ಎಷ್ಟು ಮಕ್ಕಳು ಶಾಲೆಗೆ ಬಂದರು ಎಂಬ ಲೆಕ್ಕ ಒಪ್ಪಿಸುತ್ತಿದ್ದರು. ಇತ್ತ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ಅಲ್ಲಿ ಸಭೆಗೆ ಜಾಗ ಬೇಕೆಂದರೆ ದರಬಾರದ ಮನಸ್ಸು ಕೇಳಬೇಕಿತ್ತು.

ಮಾದರ, ಹೊಲೆಯರ ಕೇರಿಗಳ ಜನಕ್ಕೆ ಸಭೆ ಸೇರುವುದು ಎಂದರೆ ಆರ್ಥಿಕ ಲೆಕ್ಕವೂ ಹೌದು. ಊರ ಹಬ್ಬದಲ್ಲಿ ಹಲಗೆ ಬಾರಿಸುವುದು, ಸತ್ತ ದನ ಎಳೆಯುವುದು, ರೈತರಿಗೆ ಮಿಣಿ, ಬಾರುಕೋಲು, ಬಾವಿಯ ಕಪಲಿಗೆ ಚರ್ಮ ಹೊಂದಿಸುವುದು ಮಾದರ ಆಯದ ಕೆಲಸ. ಅದಕ್ಕೆ ಪ್ರತಿಫಲ ಸುಗ್ಗಿಯ ಕಣದಲ್ಲಿ ಜೋಳದ ಪಾಲು. ಹಲಗೆ ಬಿಡು, ಸತ್ತ ದನದ ಮಾಂಸ ಬಿಡು ಎಂದು ಮಿಶನ್ ಹೇಳುವುದು ಸುಲಭ. ಹಾಗೆ ಬಿಟ್ಟವನಿಗೆ ಕಣದ ಪಾಲು ತಪ್ಪುವ ಭಯವಿತ್ತು. ವಾರದ ದಿನದ ವಿಷಯದಲ್ಲೂ ತೊಡಕು. ಈ ಸೀಮೆಯ ಒಕ್ಕಲಿಗರು ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿಡುವು ಸೋಮವಾರ, ದುಡಿಮೆ ರವಿವಾರ. ಸಂಬಳದಾಳು ರವಿವಾರ ಬೆಳಿಗ್ಗೆ ಆರಾಧನೆಗೆ ಹೋಗುತ್ತೇನೆಂದರೆ ಒಡೆಯ ಒಪ್ಪುವಂತಿರಲಿಲ್ಲ. ಹೀಗಾಗಿ ಹಳ್ಳಿಗಳಲ್ಲಿ ಆರಾಧನೆ ರಾತ್ರಿಗೆ ಸರಿಯಿತು. ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಆರಿಸಿದ ಮೊದಲ ಸೋಮವಾರ ಮಾತ್ರ, ಅವರಿಗೆ ತಿಳಿಯದೆಯೇ, ಬೆಳಗಾವಿಯ ರೈತನ ಬಿಡುವಿನ ದಿನಕ್ಕೇ ಬಂದು ಕೂತಿತ್ತು.

ಕ್ಯಾಥೊಲಿಕರ ದಾರಿ ಬೇರೆಯಾಗಿತ್ತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ವಿರಕ್ತಮಠದ ಮಾದರಿಯಲ್ಲೇ ಕೇಂದ್ರ ಕಟ್ಟಿ, ಕಾವಿ ಉಟ್ಟು, ಲಿಂಗಾಯತ ಮಠದ ರೀತಿನೀತಿಗಳಿಗೆ ಹತ್ತಿರವಾದರು. ಪ್ರಾಟೆಸ್ಟಂಟರಲ್ಲಿ ಅಷ್ಟು ದೂರ ಹೋದವರು ಕಡಿಮೆ; ಹಾಡಿನಲ್ಲಿ ಮಾತ್ರ ಹಾರ್ಮೋನಿಯಂ, ಢೋಲಕ, ತಾಳಗಳ ಭಜನೆಯ ಧಾಟಿಯನ್ನು ಒಪ್ಪಿಕೊಂಡರು.

ಬ್ಯಾಪ್ಟಿಸ್ಟ್ ಪದ್ಧತಿ ಕರ್ನಾಟಕದಲ್ಲಿ ನೆಲೆಯೂರಿದ್ದು ಸ್ವಾತಂತ್ರ್ಯದ ನಂತರ. ಹೊಸ ಮಿಶನರಿಗಳಿಗೆ ವೀಸಾ ಸಿಗುವುದು ಕಷ್ಟವಾಗಿದ್ದ ಕಾಲದಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು ವೈದ್ಯಕೀಯದ ದಾರಿ ಹಿಡಿದರು. 1973ರಲ್ಲಿ ಹೆಬ್ಬಾಳದಲ್ಲಿ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡದ ಸಭೆಗಳೂ ಹುಟ್ಟಿದವು. 1989ರಲ್ಲಿ ಆಸ್ಪತ್ರೆಯ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋಯಿತು. ಉತ್ತರ ಕರ್ನಾಟಕಕ್ಕೆ ಈ ಪದ್ಧತಿ ಬಂದದ್ದು ಯಾವುದೋ ಒಂದು ಮಿಶನ್ನಿನ ಹೆಸರಿನಲ್ಲಿ ಅಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹುಟ್ಟಿಕೊಂಡ ಸ್ವತಂತ್ರ ಸಭೆಗಳು, ಬ್ರದರನ್ ಕೂಟಗಳು, ಪೆಂತೆಕೊಸ್ತರು ಎಲ್ಲರೂ ತಿಳಿವಳಿಕೆ ಬಂದ ಮೇಲೆ ಮುಳುಗುವ ಸ್ನಾನವನ್ನೂ ಬಿಷಪ್ ಇಲ್ಲದ ಸಭೆಯನ್ನೂ ಎತ್ತಿಹಿಡಿದರು. ಬ್ರದರನ್ನರು ರೊಟ್ಟಿ ಮುರಿಯುವುದನ್ನು ವಾರವಾರ ಇಟ್ಟುಕೊಂಡರೆ ಬ್ಯಾಪ್ಟಿಸ್ಟರು ತಿಂಗಳಿಗೆ ನಿಂತರು. ಊರವರಿಗೆ ಈ ವ್ಯತ್ಯಾಸಗಳು ಬೇಕಿಲ್ಲ. ಅವರ ಬಾಯಲ್ಲಿ ಎಲ್ಲರೂ ಪ್ರಾರ್ಥನೆಗೆ ಹೋಗುವವರು.

ಇಂಥ ಒಂದು ಸಣ್ಣ ಸಭೆಯ ತಿಂಗಳು ಮೊದಲ ರವಿವಾರದ ಕರ್ತನ ಭೋಜನದಿಂದ ಶುರುವಾಗುತ್ತದೆ. ಹಿಂದಿನ ವಾರದಲ್ಲಿ ಪಾಲಕರೂ ಹಿರಿಯರೂ ಮನೆಮನೆ ತಿರುಗಿ ಮಾತು ಬಿಟ್ಟವರನ್ನು ಕೂಡಿಸಬೇಕು. ಜಗಳ ಇಟ್ಟುಕೊಂಡು ಮೇಜಿಗೆ ಬರಬಾರದೆಂಬ ಕಟ್ಟಳೆ ಸೆರಾಂಪುರದ ಶನಿವಾರದ ಸಂಜೆಗಿಂತ ಬೇರೆಯಲ್ಲ. ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ, ಬ್ರೆಡ್ ಇಲ್ಲವೇ ಚಪಾತಿಯ ತುಂಡು. ಸ್ನಾನವಾದವರಿಗೆ ಮಾತ್ರ ಪಾಲು. ಹೊಲೆಯ, ಮಾದರ ಕೇರಿಗಳ ನಡುವೆಯೂ ಊಟ ನಡೆಯದ ಕಾಲದಲ್ಲಿ, ಇಬ್ಬರೂ ಒಂದೇ ತಟ್ಟೆಗೆ ಕೈ ನೀಡುವುದು ಬೋಧನೆಗಿಂತ ಜೋರಾಗಿ ಕೇಳಿಸುತ್ತಿತ್ತು. ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಮಾತ್ರ ಹಳೆಯ ಗೆರೆಗಳು ಹಾಗೆಯೇ ಉಳಿದವು, ಇಂದಿಗೂ ಬಹುಮಟ್ಟಿಗೆ ಉಳಿದಿವೆ.

ಸದಸ್ಯರ ಸಭೆ ಬ್ಯಾಪ್ಟಿಸ್ಟ್ ಪದ್ಧತಿಯ ಜೀವ. ಹೊಸ ಸದಸ್ಯ ಎಲ್ಲರೆದುರು ನಿಂತು ತನ್ನ ಸಾಕ್ಷಿ ಹೇಳಬೇಕು. ಸಭೆ ಕೈ ಎತ್ತಿ ಒಪ್ಪಬೇಕು. ಸಭಾಸೇವಕರನ್ನು ಆರಿಸುವುದು, ಪಾಲಕರ ಸಂಬಳ ಗೊತ್ತು ಮಾಡುವುದು, ಬಡವರ ನಿಧಿಯಿಂದ ಯಾರ ಆಸ್ಪತ್ರೆಯ ಖರ್ಚಿಗೆ ಎಷ್ಟು ಎಂದು ತೀರ್ಮಾನಿಸುವುದು ಎಲ್ಲ ಅಲ್ಲೇ. ಗಂಡಸಿಗೂ ಹೆಂಗಸಿಗೂ ಒಂದೊಂದೇ ಮತ. ಕಟ್ಟೆಯ ಮೇಲಿನ ಪಂಚರ ನ್ಯಾಯದಲ್ಲಿ ಹೆಂಗಸಿಗೆ ಬಾಯಿಯೇ ಇಲ್ಲದಿದ್ದ ಸೀಮೆಯಲ್ಲಿ ಇದು ಚಿಕ್ಕ ಸಂಗತಿಯಲ್ಲ. ಆದರೂ ನಿಯಮ ಹೇಳುವಷ್ಟು ಸರಾಗವಾಗಿ ನಡೆಯುವುದಿಲ್ಲ. ಸಭೆಯ ಹಣದ ಬಹುಪಾಲು ಹೊರಗಿನ ಟ್ರಸ್ಟಿನಿಂದ ಬರುವಾಗ ಪಾಲಕರು ಉತ್ತರ ಕೊಡುವುದು ಟ್ರಸ್ಟಿಗೆ. ಜಾಗ ಪಾಲಕರ ಹೆಸರಿನಲ್ಲೇ ಇದ್ದರೆ ಸಭೆ ಅವರ ಮನೆತನದ ಸ್ವತ್ತಾಗುತ್ತದೆ. ಕೈ ಎತ್ತುವ ಹಕ್ಕು ಉಳಿದದ್ದು ತಮ್ಮ ಖರ್ಚನ್ನು ತಾವೇ ಹೊತ್ತ ಸಭೆಗಳಲ್ಲಿ.

ಆ ಖರ್ಚು ಹೊರುವುದಕ್ಕೆ ಹೆಂಗಸರು ಕಂಡುಕೊಂಡ ದಾರಿ ಹಿಡಿಜೋಳ. ಪ್ರತಿದಿನ ರೊಟ್ಟಿಗೆ ಹಿಟ್ಟು ತೆಗೆಯುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕಿ, ತಿಂಗಳ ಕೊನೆಗೆ ಸಭೆಗೆ ತರುವುದು. ದಕ್ಷಿಣದ ಭತ್ತದ ನಾಡುಗಳಲ್ಲಿ ಹಿಡಿಅಕ್ಕಿಯಾಗಿದ್ದದ್ದು ಇಲ್ಲಿ ಜೋಳವಾಯಿತು. ದಿನಗೂಲಿಯ ಮನೆಯಲ್ಲಿ ರೊಕ್ಕ ಸಂತೆಯ ದಿನವಷ್ಟೇ ಕಾಣುತ್ತದೆ, ಕಾಳು ಮಾತ್ರ ದಿನವೂ ಇರುತ್ತದೆ. ಹಾಗಾಗಿ ಈ ಲೆಕ್ಕ ನಡೆಯಿತು. ಹಿಂಗಾರಿ ಜೋಳ, ಕಡಲೆ, ಕುಸುಬಿ ಮನೆಗೆ ಬಂದ ಮೇಲೆ ಬೆಳೆಹಬ್ಬ. ಚೀಲ ಜೋಳ, ಕೋಳಿ, ಮೊಟ್ಟೆ, ಕುಂಬಳ ಎಲ್ಲವನ್ನೂ ಸಭೆಯ ಮುಂದಿಟ್ಟು ಲಿಲಾವು ಕೂಗುತ್ತಾರೆ. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೆಳೆದ ಈ ಹಬ್ಬ ಪಂಗಡಗಳ ಗಡಿ ದಾಟಿ ಎಲ್ಲ ಕಡೆ ಹಬ್ಬಿದೆ.

ವಾರದ ನಡುವಿನ ಕೆಲಸಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಮನೆ ಪ್ರಾರ್ಥನೆ. ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಸಂಜೆ ಕೂಡಿ ಎರಡು ಹಾಡು, ಒಂದು ಓದು, ಆ ಮನೆಯ ಕಷ್ಟಸುಖಕ್ಕೆ ಬೇಡಿಕೆ, ಚಹಾ. ಕೂಸು ಹುಟ್ಟಿದರೆ ಸ್ನಾನವಿಲ್ಲ. ತಾಯಿತಂದೆ ಕೂಸನ್ನು ಸಭೆಯ ಮುಂದೆ ತಂದು ಒಪ್ಪಿಸುವ ಶಿಶು ಪ್ರತಿಷ್ಠೆಯಷ್ಟೇ. ಹೆಂಗಸರ ಕೂಟ, ತಿಂಗಳಿಗೊಂದು ಉಪವಾಸ ಪ್ರಾರ್ಥನೆ, ಮಕ್ಕಳಿಗೆ ಸಂಡೇ ಸ್ಕೂಲ್, ಬೇಸಗೆ ರಜೆಯಲ್ಲಿ ಹತ್ತು ದಿನದ ಬೈಬಲ್ ಶಾಲೆ, ಡಿಸೆಂಬರಿನಲ್ಲಿ ಮನೆಮನೆ ಹಾಡು ಇವೆಲ್ಲ ಎಲ್ಲ ಪಂಗಡಗಳಲ್ಲೂ ಸಾಮಾನ್ಯ. ಡಿಸೆಂಬರಿನ ಹೊತ್ತಿಗೆ ಈ ಸೀಮೆಯ ಸಭೆಗಳಿಗೆ ಬೇರೆ ಕಷ್ಟ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆ, ಅದರಾಚೆಯ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ, ಇನ್ನು ಕೆಲವರು ಗೋವೆಗೆ. ಕ್ರಿಸ್ಮಸ್ಸಿಗೆ ಬರುತ್ತೇವೆಂದು ಹೇಳಿ ಹೋದವರು ಬಂದರೆ ಸಭೆ ತುಂಬುತ್ತದೆ, ಬಾರದಿದ್ದರೆ ಮುದುಕರು, ಮಕ್ಕಳಷ್ಟೇ.

ಸ್ನಾನದ ತಿಂಗಳನ್ನು ನಿರ್ಧರಿಸುವುದು ಮಳೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಬೇಸಗೆಯಲ್ಲಿ ಸೊರಗುತ್ತಾಳೆ. ಮುಳುಗುವಷ್ಟು ನೀರು ಬೇಕೆಂದರೆ ಮಳೆಗಾಲ ಇಳಿಯುವವರೆಗೆ ಕಾಯಬೇಕು. 1972ರ ಹೊತ್ತಿಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಮುಗಿದ ಮೇಲೆ ಮೇಲ್ಭಾಗದಲ್ಲಿ ಹಿನ್ನೀರು, ಕೆಳಗೆ ಕಾಲುವೆ ಸಿಕ್ಕವು. ಅದೇ ನದಿ 2019ರ ಆಗಸ್ಟಿನಲ್ಲಿ ರಾಮದುರ್ಗ, ಸುರೇಬಾನದ ಕಡೆ ಊರೂರುಗಳಿಗೇ ನುಗ್ಗಿ ಮುಳುಗಿಸಿತು. ಶಿಶುವಾಗಿದ್ದಾಗ ಮೆಥೊಡಿಸ್ಟ್ ಪಾದ್ರಿಯಿಂದ ನೀರು ಚಿಮುಕಿಸಿಕೊಂಡವರು ಮುಳುಗುವ ಸ್ನಾನ ಪಡೆದರೆ ಅದು ಎರಡನೆಯದೋ ಮೊದಲನೆಯದೋ ಎಂಬ ತಕರಾರು ಮನೆಗಳನ್ನೇ ಒಡೆದದ್ದುಂಟು. ಬ್ಯಾಪ್ಟಿಸ್ಟರ ಪ್ರಕಾರ ಮೊದಲಿನದು ಲೆಕ್ಕಕ್ಕಿಲ್ಲ. ಸ್ವಂತ ಕಟ್ಟಡವಾದ ಸಭೆಗಳು ವೇದಿಕೆಯ ಕೆಳಗೆ ತೊಟ್ಟಿ ಕಟ್ಟಿಕೊಂಡು ಮುಚ್ಚಳ ಹಾಕಿಡುತ್ತವೆ. ಊರ ಕಣ್ಣಿಗೆ ಬೀಳದೆ ಸ್ನಾನ ನಡೆಯುವುದು ಅದರ ಇನ್ನೊಂದು ಅನುಕೂಲ.

ಊರ ಕಣ್ಣಿನ ಭಯಕ್ಕೆ ಕಾನೂನಿನ ಕಾರಣವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತನೆಂದು ಘೋಷಿಸಿಕೊಂಡ ದಲಿತನಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕದ್ದು ಕ್ರೈಸ್ತರಿಗೆ ಸಿಗಲಿಲ್ಲ. ಕರ್ನಾಟಕದಲ್ಲಿ ಅಂಥವರನ್ನು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಇಟ್ಟಿದೆ. ಹೀಗಾಗಿ ಆರಾಧನೆಗೆ ಬರುವವರ ಸಂಖ್ಯೆಗೂ ಸದಸ್ಯರ ದಫ್ತರಿನ ಸಂಖ್ಯೆಗೂ ತಾಳೆಯಾಗುವುದಿಲ್ಲ. ಬೆಳಗಾವಿ ಜಿಲ್ಲೆಯ ಜನಗಣತಿಯಲ್ಲಿ ಕ್ರೈಸ್ತರು ಶೇಕಡಾ ಒಂದಕ್ಕಿಂತ ಕಡಿಮೆ ಕಾಣುವುದನ್ನು ಓದುವಾಗ ಇದು ನೆನಪಿನಲ್ಲಿರಬೇಕು. ಸದಸ್ಯತ್ವವನ್ನೇ ಸಭೆಯ ಅಡಿಪಾಯವೆನ್ನುವ ಬ್ಯಾಪ್ಟಿಸ್ಟರಿಗೆ ಈ ಇಕ್ಕಟ್ಟು ಬೇರೆಯವರಿಗಿಂತ ಹೆಚ್ಚು ಬಿಗಿ.

2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ಅಧಿವೇಶನದಲ್ಲೇ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದು, ಅದೇ ವರ್ಷ ಕಾಯ್ದೆಯಾಯಿತು. ಮತ ಬದಲಿಸುವವನೂ ಬದಲಿಸುವ ವಿಧಿ ನಡೆಸುವವನೂ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಅದರ ಮುಖ್ಯ ಅಂಶ. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಈ ಗದ್ದಲದಲ್ಲಿ ಮೊದಲು ಪೆಟ್ಟು ತಿಂದದ್ದು ಮನೆ ಪ್ರಾರ್ಥನೆ. ಬಾಡಿಗೆ ಮನೆಯಲ್ಲಿ ಕೂಡುವ ಸಭೆಗೆ ಮಾಲೀಕ ಬಾಗಿಲು ಹಾಕಿದರೆ ಬೇರೆ ದಾರಿಯಿಲ್ಲ. ಇದರಿಂದಾಗಿ ಹಳೆಯ ಕಾಲದಲ್ಲಿ ಯಾರೂ ತಲೆಕೆಡಿಸಿಕೊಳ್ಳದ ಕಾಗದಪತ್ರಗಳಿಗೆ ಬೆಲೆ ಬಂತು: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ, ಮಾರ್ಚ್ ಕೊನೆಗೆ ಆಡಿಟ್, ಠರಾವು ಪುಸ್ತಕ. ತಿಂಗಳ ಸದಸ್ಯರ ಸಭೆಯಲ್ಲಿ ಈಗ ಸಾಕ್ಷಿ ಹೇಳುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ವಿಷಯಗಳು ಎರಡು, ಕಟ್ಟಡದ ಜಾಗ ಮತ್ತು ಸ್ಮಶಾನದ ಜಾಗ. ಮಣ್ಣು ಮಾಡುವ ರೂಢಿ ಈ ಸೀಮೆಯ ಲಿಂಗಾಯತರಲ್ಲೂ ದಲಿತರಲ್ಲೂ ಮೊದಲಿಂದ ಇರುವುದರಿಂದ ವಿಧಿಯ ಬಗ್ಗೆ ಊರವರ ತಕರಾರಿಲ್ಲ. ತಕರಾರು ಜಾಗದ ಬಗ್ಗೆ. ಹಳೆಯ ಮೆಥೊಡಿಸ್ಟ್ ಸ್ಮಶಾನ ಇರುವ ಊರುಗಳಲ್ಲಿ ಬೇರೆ ಸಭೆಯವರು ಒಪ್ಪಿಗೆ ಪತ್ರ ತರಬೇಕು, ಇಲ್ಲದ ಊರುಗಳಲ್ಲಿ ಪಂಚಾಯಿತಿಗೆ ಅರ್ಜಿ ಹಾಕಬೇಕು.